ಜಗಳಗಂಟಿಯ ರಕ್ತ

ಎಲ್ಲಾ ರಗಳೆಗೂ ಮೂಲ ಒಂದು ಬಾಲ. ಅದರ ಒಡತಿ ಜಗಳಗಂಟಿ ಎಂಬ ಹಸು. ಅತ್ತೆಯ ಕೊಟ್ಟಿಗೆಯ ಹನ್ನೆರಡು ಹಸುಗಳಲ್ಲಿ ಇದೊಂದು ಮಾತ್ರ ಮನೆಅಳಿಯನನ್ನು ಕಂಡರೆ ಬುಸುಗುಡುತ್ತಿತ್ತು. ಎಷ್ಟು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲಲಿಲ್ಲ, ಹಾಲೂ ಇಲ್ಲ; ಒದೆಯಲ್ಲಿ ಮಾತ್ರ ಎಂದೂ ಕೊರತೆ ಮಾಡಿದ್ದಿಲ್ಲ. ಕೊನೆಗೂ ಅತ್ತೆ ಅದನ್ನು ಮಾರಲು ಒಪ್ಪಿದ್ದರು. ಗೊಬ್ಬರಕ್ಕೆ ಹಸು ಬೇಕೆಂದು ತೋಟದ ಯಜಮಾನರೊಬ್ಬರು ಸಂಜೆ ಲಾರಿ ತರುವವರಿದ್ದರು. ತನ್ನ ಮದುವೆಯ ದಿನಕ್ಕೂ ಅಳಿಯ ಇಷ್ಟು ಆಸೆಯಿಂದ ಕಾದಿರಲಿಲ್ಲ.

ಅಡ್ಡ ಇದ್ದದ್ದು ಒಂದೇ, ರಕ್ತ ಪರೀಕ್ಷೆ.

"ಈ ಲ್ಯೂಕೋಸಿಸ್ ರೋಗ ಕಣ್ಣಿಗೆ ಕಾಣಲ್ಲಮ್ಮ," ದನದ ಡಾಕ್ಟರು ಬೆಳಿಗ್ಗೆ ಬಂದವರೇ ಹೇಳಿದರು. "ಹಸು ಚೆನ್ನಾಗೇ ಮೇಯ್ತಿರುತ್ತೆ, ಒಳಗೆ ರಕ್ತ ಕೆಟ್ಟಿರುತ್ತೆ. ಒಂದಕ್ಕೆ ಚುಚ್ಚಿದ ಸೂಜಿ ಇನ್ನೊಂದಕ್ಕೆ ಚುಚ್ಚಿದ್ರೆ ಮುಗೀತು, ಕೊಟ್ಟಿಗೆಗೆಲ್ಲಾ ಹಬ್ಬುತ್ತೆ. ಔಷಧಿ ಇಲ್ಲ. ಪರೀಕ್ಷೆ ಆಗದೆ ಒಂದು ಕರುನೂ ಗೇಟು ದಾಟಬಾರದು."

"ಹೇಗೂ ರಕ್ತ ತೆಗೀತೀರಲ್ಲ, ಗಬ್ಬ ಇದೆಯಾ ಅಂತಾನೂ ಅದರಲ್ಲೇ ನೋಡಿಬಿಡಿ," ಎಂದರು ಅತ್ತೆ.

ಅಳಿಯನ ಕಿವಿಗೆ ಈ ಕೊನೆಯ ಮಾತು ಬೀಳಲಿಲ್ಲ. ಅವನ ಪ್ರಾಣವೆಲ್ಲಾ ಜಗಳಗಂಟಿಯ ಹಿಂಗಾಲಿನ ಮೇಲಿತ್ತು.

ಬಾಲ ಎತ್ತು, ಬುಡದಲ್ಲಿ ಸೂಜಿ ಚುಚ್ಚು, ರಕ್ತದ ಕೊಳವೆಗೆ ಹಸುವಿನ ಕಿವಿಯ ಬಿಲ್ಲೆಯ ನಂಬರು ಬರೆ. ಹನ್ನೊಂದು ಹಸುಗಳು ಸಲೀಸಾಗಿ ಮುಗಿದವು. ಕೊನೆಯದರ ಮುಂದೆ ನಿಂತಾಗ ಡಾಕ್ಟರಿಗೆ ಹೋದ ಸಲ ತಿಂದ ಒದೆ ನೆನಪಾಯಿತು.

"ನಿಮಗೆ ಕಲಿಸಿದ್ದೀನಲ್ಲಾ, ಇದೊಂದು ನೀವೇ ತೆಗೀರಿ. ನಾನು ಟೀ ಕುಡ್ಕೊಂಡು ಬರ್ತೀನಿ." ನಂಬರು ಬರೆದ ಕೊಳವೆಯನ್ನು ಅಳಿಯನ ಕೈಗಿಟ್ಟು ಅವರು ನಡೆದೇಬಿಟ್ಟರು.

ಗೋಡೆಯಾಚೆಯಿಂದ ಪಕ್ಕದ ಮನೆ ಟೈಲರ್‌ನ ತಲೆ ಮೇಲೆದ್ದಿತು. "ಬಾಲ ನೆಟ್ಟಗೆ ಎತ್ರೀ! ಎತ್ತಿದ್ರೆ ಒದೆಯಲ್ಲ!"

"ನೀವು ಯಾವತ್ತಾದ್ರೂ ಎತ್ತಿದ್ದೀರಾ?"

"ನಾನು ಟೈಲರ್ ಕಣ್ರೀ! ಸೂಜಿ ವಿಷಯ ನನಗೆ ಹೇಳ್ಕೊಡ್ತೀರಾ?"

ಅಳಿಯ ಬಾಲಕ್ಕೆ ಕೈ ಹಾಕಿದ. ಒದೆ ತಿಂದ ಬಕೆಟ್ಟು ಗೋಡೆ ಹಾರಿ ಟೈಲರ್ ಒಣಗಹಾಕಿದ್ದ ಬಟ್ಟೆಗಳ ಮೇಲೆ ಬಿತ್ತು. ಎರಡನೇ ಸಲ ಸಗಣಿಯಲ್ಲಿ ಅದ್ದಿದ ಬಾಲ ಅಳಿಯನ ಮುಖದ ಮೇಲೆ ಸುಣ್ಣ ಬಳಿಯುವ ಕುಂಚದಂತೆ ಆಡಿತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಜಗಳಗಂಟಿ ತಿರುಗಿ, ಅವನ ಶರ್ಟಿನ ಜೇಬನ್ನು ಕಿತ್ತು ನಿಧಾನವಾಗಿ ಅಗಿಯತೊಡಗಿತು.

"ಅಯ್ಯೋ, ಅದು ನಾನು ಹೊಲಿದ ಜೇಬು!" ಎನ್ನುತ್ತಾ ಟೈಲರ್ ಬಟ್ಟೆ ಬಾಚಿಕೊಂಡು ಒಳಗೋಡಿದ.

ಯಾರೂ ನೋಡುತ್ತಿರಲಿಲ್ಲ. ಪಕ್ಕದಲ್ಲೇ ಸಾಧುಪ್ರಾಣಿ ಗುಂಡಮ್ಮ ಮೆಲುಕು ಹಾಕುತ್ತಿತ್ತು. ಅಳಿಯ ಅದರ ಬಾಲವನ್ನೇ ಮತ್ತೊಮ್ಮೆ ಎತ್ತಿ, ಜಗಳಗಂಟಿಯ ಕೊಳವೆ ತುಂಬಿಸಿಬಿಟ್ಟ. ಡಾಕ್ಟರ ಮಾತು ಮೀರಬಾರದೆಂದು ಸೂಜಿ ಮಾತ್ರ ಹೊಸದನ್ನೇ ಹಾಕಿದ್ದ. ಅಷ್ಟರ ಮಟ್ಟಿಗೆ ಅವನು ಪ್ರಾಮಾಣಿಕ.

ಸಂಜೆ ಲಾರಿ ಬಂತು. ಅದರ ಹಿಂದೆಯೇ ಪರೀಕ್ಷೆಯ ಫಲಿತಾಂಶ ಹಿಡಿದು ಡಾಕ್ಟರೂ ಬಂದರು. "ಒಂದರಲ್ಲೂ ಲ್ಯೂಕೋಸಿಸ್ ಇಲ್ಲ!" ಅಳಿಯ ಕುಣಿಯುತ್ತಾ ಹೋಗಿ ಲಾರಿಯ ಹಿಂಬಾಗಿಲನ್ನು ತಾನೇ ಇಳಿಸಿದ.

"ತಡೀರಿ, ಇನ್ನೂ ಇದೆ. ಗುಂಡಮ್ಮ ಗಬ್ಬ!" ಅತ್ತೆ ಕೈ ಮುಗಿದರು. ಡಾಕ್ಟರು ಮುಂದುವರಿಸಿದರು, "ಜಗಳಗಂಟಿನೂ ಗಬ್ಬ!"

"ಏನು! ಅಳಿಯಂದ್ರೇ, ಬಾಗಿಲು ಮುಚ್ಚಿ! ನಮ್ಮ ಹಸು ಎಲ್ಲಿಗೂ ಹೋಗಲ್ಲ!"

"ಅತ್ತೆ, ಅದು ಏನಾಯ್ತು ಅಂದ್ರೆ..."

ಡಾಕ್ಟರು ಅವನ ಬೆನ್ನು ತಟ್ಟಿದರು. "ಇಷ್ಟು ದಿನ ನಿಲ್ಲದ ಗಬ್ಬ, ಮುಂದಿನ ತಿಂಗಳು ಇನ್ನೊಂದ್ಸಲ ರಕ್ತ ನೋಡೋಣ. ನೀವೇ ತೆಗೀಬೇಕು. ನಿಮ್ಮ ಕೈಗೆ ಎಷ್ಟು ಒಗ್ಗಿದೆ ನೋಡಿ!"

ಅಳಿಯ ಲಾರಿಯ ಬಾಗಿಲು ಮುಚ್ಚಿದ. ನಿಜ ಹೇಳಿದರೂ ಎತ್ತಬೇಕಾದ್ದು ಅದೇ ಬಾಲ, ಹೇಳದಿದ್ದರೂ ಅದೇ ಬಾಲ. ಅಷ್ಟರಲ್ಲಿ ಲಾರಿಯ ಪಕ್ಕ ಕಟ್ಟಿದ್ದ ಜಗಳಗಂಟಿ ಕತ್ತು ಚಾಚಿ ಅವನ ಶರ್ಟಿನ ತೋಳು ಹಿಡಿದೆಳೆಯಿತು.

"ಅತ್ತೇ, ಶರ್ಟು!"

"ತಿನ್ನಲಿ ಬಿಡಿ ಅಳಿಯಂದ್ರೇ," ಅತ್ತೆಯ ದನಿ ಕರಗಿಹೋಗಿತ್ತು, "ಬಸುರಿ ಬಯಕೆ."

ಗೋಡೆಯಾಚೆ ಟೈಲರ್ ಆಗಲೇ ಅಳತೆ ಟೇಪು ಬಿಚ್ಚುತ್ತಿದ್ದ.