ಕಂಪ್ಯೂಟರಿಗೆ ಬೀಸದ ಗಾಳಿ

ಬಿರುಗಾಳಿಯಿಂದಾಗುವ ನಷ್ಟವನ್ನು ಎ.ಸಿ. ರೂಮಿನಲ್ಲಿ ಕೂತೇ ಅಳೆಯುವ ಕಂಪ್ಯೂಟರ್ ಮಾಡೆಲ್ ತಯಾರಿಸುವುದು ನನ್ನ ಹೊಟ್ಟೆಪಾಡು. ನಗುವುದಕ್ಕೆ ಬೇರೆ ಸಿನಿಮಾ ನೋಡಬೇಕಾಗಿಲ್ಲ, ವರ್ಷಕ್ಕೆ ನಾಲ್ಕಾದರೂ ಇಲ್ಲೇ ಸಿಗುತ್ತವೆ. ಈ ಸಲದ್ದು ಒಂದು ಪಾಲಿಹೌಸಿನ ಕಥೆ.

ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯಲ್ಲಿ ಗುಲಾಬಿ ಬೆಳೆಯುವ ಒಬ್ಬ ಅಕ್ಕ ಇದ್ದಾರೆ. ಮೇ ತಿಂಗಳ ಗಾಳಿಗೆ ಅವರ ಪಾಲಿಹೌಸಿನ ಪ್ಲಾಸ್ಟಿಕ್ ಚಾವಣಿ ಪೂರ್ತಿ ಕಿತ್ತುಹೋಯಿತು. ಮಳೆ ಹಿಡಿಯುವ ಮೊದಲು ಹೊಸದು ಹೊದಿಸದಿದ್ದರೆ ಗಿಡಗಳೆಲ್ಲ ಕೊಳೆಯುತ್ತವೆ. ವಿಮೆಯವರು ಮಾತ್ರ, ನಮ್ಮ ಕಂಪನಿಯ ಮಾಡೆಲ್ ಹೇಳಿದಷ್ಟೇ ಪರಿಹಾರ ಎಂದು ಪಟ್ಟುಹಿಡಿದು ಕೂತಿದ್ದರು.

೧. ಸಮುದ್ರ ಎಷ್ಟು ದೂರ?

ನಮ್ಮ ಮಾಡೆಲ್ ಹುಟ್ಟಿದ್ದು ವಿದೇಶದ ಚಂಡಮಾರುತಗಳಿಗಾಗಿ. ಅದರ ಮೊದಲ ಪ್ರಶ್ನೆಯೇ ಸಮುದ್ರ ಎಷ್ಟು ದೂರ ಎಂದು. ಇದ್ದದ್ದನ್ನು ಇದ್ದಹಾಗೆ ತುಂಬಿದೆ. ಅಷ್ಟು ದೂರಕ್ಕೆ ಗಾಳಿಯೇ ಬರುವುದಿಲ್ಲ ಎಂದು ಉತ್ತರ ಬಂತು. ನಮ್ಮ ಮ್ಯಾನೇಜರು ಗಾಳಿಯ ಪರಿಚಯ ಮಾಡಿಕೊಂಡದ್ದೇ ಎ.ಸಿ.ಯಿಂದ. ಸಮುದ್ರದ ಬದಲು ಹತ್ತಿರದ ಕೆರೆ ಹಾಕು ಎಂದರು. ಕೆರೆ ಹುಡುಕಿಕೊಂಡು ಹೋದೆ. ನಕ್ಷೆಯಲ್ಲಿ ನೀರಿದ್ದ ಕಡೆ ಲೇಔಟಿನ ಕಲ್ಲು ನೆಟ್ಟಿದ್ದರು. ಅಲ್ಲೇ ಕುರ್ಚಿ ಹಾಕಿಕೊಂಡಿದ್ದ ಬ್ರೋಕರನ್ನು ಕೆರೆ ಎಲ್ಲಿ ಎಂದು ಕೇಳಿದೆ.

"ಇದೇ ಗುರು. ಕಾರ್ನರ್ ಸೈಟ್ ಒಂದೇ ಉಳಿದಿರೋದು."

೨. ಗೋದಾಮು

ನಕ್ಷೆಯಲ್ಲಿದ್ದ ಕೆರೆಯ ದೂರವನ್ನೇ ತುಂಬಿದ ಮೇಲೆ ಮಾಡೆಲ್, ಕಟ್ಟಡ ಯಾವ ಬಗೆಯದು ಎಂದು ಕೇಳಿತು. ಪಟ್ಟಿಯಲ್ಲಿ ಚರ್ಚಿತ್ತು, ದೋಣಿ ನಿಲ್ಲಿಸುವ ಶೆಡ್ಡಿತ್ತು, ಪಾಲಿಹೌಸ್ ಮಾತ್ರ ಇರಲಿಲ್ಲ. ದಾಬಸ್‌ಪೇಟೆ ರಸ್ತೆಯಲ್ಲಿ ಕಾರಿನಿಂದ ಕಂಡ ಗೋದಾಮುಗಳ ಸಾಲನ್ನೇ ಹಳ್ಳಿ ಎಂದುಕೊಂಡಿದ್ದ ಮ್ಯಾನೇಜರು 'ಕಾಂಕ್ರೀಟ್ ಗೋದಾಮು' ಎಂದು ಆರಿಸಿಬಿಟ್ಟರು. ಕಾಂಕ್ರೀಟ್ ಹಾರುತ್ತದೆಯೇ? ಚಾವಣಿ ಭದ್ರ, ನಷ್ಟ ಅಲ್ಪ ಎಂದು ಬಂತು. ನನಗೇ ನಾಚಿಕೆಯಾಯಿತು. ಅಕ್ಕನಿಗೆ ಫೋನ್ ಮಾಡಿ, ನಿಮ್ಮ ಪಾಲಿಹೌಸ್ ನಮ್ಮ ಕಂಪ್ಯೂಟರಿನಲ್ಲಿ ಗೋದಾಮಾಗಿದೆ ಎಂದೆ.

"ಆಗ್ಲಿ ಬಿಡಪ್ಪ. ಬಾಡಿಗೆಗೆ ಯಾರಾದ್ರೂ ಇದ್ರೆ ಕಳ್ಸು."

೩. ಸಹಿ

ನಷ್ಟ ಅಲ್ಪ ಎಂಬ ಕಾಗದಕ್ಕೆ ಅಕ್ಕನ ಸಹಿ ಬೇಕಿತ್ತು. ಸಹಿ ಬಿದ್ದರೆ ಹೊಸ ಚಾವಣಿಯ ಆಸೆ ಅಲ್ಲಿಗೇ ಮುಗಿಯಿತು. ಮ್ಯಾನೇಜರು ಖುದ್ದಾಗಿ ಬಂದು, ಗುಲಾಬಿ ಸಾಲುಗಳ ನಡುವೆ ನಿಂತು ಲ್ಯಾಪ್‌ಟಾಪ್ ತೆರೆದು, ಚಾವಣಿ ಹೇಗೆ ಭದ್ರವಾಗಿದೆ ಎಂದು ವಿವರಿಸತೊಡಗಿದರು. ತಲೆಯ ಮೇಲೆ ಬರೀ ಕಂಬಿ, ಅದರ ಮೇಲೆ ಕಪ್ಪು ಮೋಡ. ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಮಳೆ ಸುರಿಯಿತು. ಅವರು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಛತ್ರಿ ಬಿಚ್ಚಿದರು. ಅಕ್ಕ ನೆನೆಯುತ್ತಲೇ ಪೆನ್ನು ಕೈಗೆ ತೆಗೆದುಕೊಂಡರು.

"ಸೈನ್ ಹಾಕ್ತೀನಿ ಸಾರ್. ಮೊದ್ಲು ಆ ಛತ್ರಿ ಮಡಚಿ. ಭದ್ರವಾಗಿರೋ ಚಾವಣಿ ಕೆಳಗೆ ನಿಂತ್ಕೊಂಡು ಯಾರಾದ್ರೂ ಛತ್ರಿ ಹಿಡೀತಾರಾ?"

ಮ್ಯಾನೇಜರು ಮೊದಲ ಸಲ ತಲೆಯೆತ್ತಿ ನೋಡಿದರು. ಆಮೇಲೆ ಆ ಕಾಗದದ ಮೇಲೇ 'ಚಾವಣಿ ಪೂರ್ತಿ ನಷ್ಟ' ಎಂದು ಕೈಯಾರೆ ಬರೆದುಕೊಟ್ಟರು. ಬರೆದು ಮುಗಿಸುವವರೆಗೂ ಅಕ್ಕನೇ ಛತ್ರಿ ಹಿಡಿದಿದ್ದರು, ಕಾಗದಕ್ಕೆ ಮಾತ್ರ.