ಅನಸೂಯ ರೋಮಿನಲ್ಲಿ ನಕ್ಕದ್ದು

ರಾತ್ರಿ ಬಹಳ ಹೊತ್ತಾದ ಮೇಲೆ ಅಡುಗೆಮನೆಯಲ್ಲಿ ‘ಟಿಣ್’ ಎಂದು ಸಣ್ಣ ಸದ್ದಾಯಿತು. ಬೇರೆ ಮನೆಯಾಗಿದ್ದರೆ ಇಲಿ ಚಮಚ ಬೀಳಿಸಿತು ಅಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅನಸೂಯ ಎದ್ದಳು. ಚೆನ್ನೈ ಅಣ್ಣಾ ನಗರದ ಆ ಅಪಾರ್ಟ್‌ಮೆಂಟಿನಲ್ಲಿ ಸದ್ದಾದರೆ ಏಳುವುದು ಅವಳ ಕೆಲಸ ಎಂದು ಎಲ್ಲರೂ ಒಪ್ಪಿಕೊಂಡು, ಅದೇ ಧೈರ್ಯದ ಮೇಲೆ ಗೊರಕೆ ಹೊಡೆಯುತ್ತಿದ್ದರು.

ನಿವೃತ್ತಿಯಾಗುವ ತನಕ ಅವಳು ಬ್ಯಾಂಕಿನಲ್ಲಿ ಲಾಕರುಗಳ ಉಸ್ತುವಾರಿ ನೋಡಿಕೊಂಡವಳು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗದೆ ಮೆಟ್ಟಿಲು ಇಳಿಯುತ್ತಿರಲಿಲ್ಲ. ಫ್ಲಾಟಿನ ಸಂಘದವರು ಭದ್ರತೆಯ ಹೊಣೆಯನ್ನು ಅವಳಿಗೇ ಕೊಟ್ಟಿದ್ದರು. ಅವಳ ಚಪ್ಪಲಿಯ ಸದ್ದು ಕೇಳಿದರೆ ವಾಚ್‌ಮನ್ ನಿದ್ದೆಯಲ್ಲೇ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ. ವಿಮಾ ಕಂಪನಿಯಿಂದ ನಿವೃತ್ತನಾದ ಗಂಡ ಮಧ್ವರಾಜ ಇದಕ್ಕೆ ತದ್ವಿರುದ್ಧ. ಕೊಡೆ, ಕನ್ನಡಕ, ಒಂದು ಸಲ ಮದುವೆಮನೆಯಲ್ಲಿ ಕಾಲಲ್ಲಿದ್ದ ಜೋಡಿಯಲ್ಲಿ ಒಂದೇ ಒಂದು ಚಪ್ಪಲಿ, ಹೀಗೆ ಏನೇನೋ ಕಳೆದುಕೊಂಡು ಬಂದವನು. “ನಿಮ್ಮ ಕೈಗೆ ಅರೆಯೋ ಕಲ್ಲು ಕೊಟ್ಟರೂ ಎಲ್ಲೋ ಬಿಟ್ಟು ಬರ್ತೀರಿ” ಎಂದು ಅವಳು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಳು. ಅವನು ತಲೆ ತಗ್ಗಿಸಿ ಕೇಳುತ್ತಲೇ ಬಂದಿದ್ದ. ಆ ಮನೆಯ ಸಂಸಾರ ನಿಂತದ್ದೇ ಆ ಒಂದು ಕಂಬದ ಮೇಲೆ.

ಆ ಕಂಬಕ್ಕೆ ಕಳೆದ ತಿಂಗಳು ರೋಮಿನಲ್ಲಿ ಗೆದ್ದಲು ಹಿಡಿದಿತ್ತು. ಆ ಸಂಗತಿ ಅನಸೂಯಳ ಹೊರತು ಇನ್ನಾರಿಗೂ ಗೊತ್ತಿರಲಿಲ್ಲ.

ಮಂಡಿನೋವು ಎಂದು ಗಂಡ ಬರಲೊಲ್ಲೆ ಎಂದಾಗ ಅವಳೊಬ್ಬಳೇ ಮಹಿಳೆಯರ ತಂಡವೊಂದರ ಜೊತೆ ಯುರೋಪ್ ಪ್ರವಾಸಕ್ಕೆ ಹೋಗಿದ್ದಳು. ತಂಡದಲ್ಲಿದ್ದವರೆಲ್ಲ ಕೊಯಮತ್ತೂರು, ಬೆಂಗಳೂರಿನ ಕಡೆಯವರು. ಮೊದಲ ಊರೇ ರೋಮ್. ಅಲ್ಲೊಂದು ಚೌಕದಲ್ಲಿ ಜೇಬುಗಳ್ಳರಿದ್ದಾರೆ ಎಂದು ಎಚ್ಚರಿಸುವ ಫಲಕವಿತ್ತು. ಚೀಲದೊಳಗೆ ಇಳಿಯುತ್ತಿರುವ ಕೈಯ ಚಿತ್ರ. ಅದರ ಫೋಟೋ ತೆಗೆದು ಫ್ಲಾಟಿನ ವಾಟ್ಸಾಪ್ ಗುಂಪಿಗೆ ಕಳಿಸಬೇಕು ಅನ್ನಿಸಿತು. ಫೋನು ಎತ್ತುವಷ್ಟರಲ್ಲಿ ಗುಂಗುರು ಕೂದಲಿನ, ಒಂದು ಕಿವಿಗೆ ಮುರುವು ಹಾಕಿದ ಹುಡುಗನೊಬ್ಬ ಬಂದು, ತಾನೇ ತೆಗೆಯುತ್ತೇನೆ, ನೀವು ಫಲಕದ ಮುಂದೆ ನಿಲ್ಲಿ ಎಂದು ಕೈಸನ್ನೆ ಮಾಡಿದ. ಆ ಪ್ರವಾಸದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅನಸೂಯ ಸೆರಗು ಸರಿಮಾಡಿಕೊಂಡು ನಿಂತಳು. ಅವನು ಬೆರಳಿನಿಂದ ತನ್ನ ತುಟಿಯಂಚನ್ನು ಮೇಲೆತ್ತಿ ತೋರಿಸಿದ. ಅವಳು ನಕ್ಕಳು. ಅವನು ಫೋಟೋ ತೆಗೆದ. ಆಮೇಲೆ ಓಡಿದ.

ಒಣ ಹವೆಗೆ ಬೆರಳ ಗುರುತು ಹಿಡಿಯುತ್ತಿಲ್ಲವೆಂದು ಆ ಫೋನಿನ ಲಾಕನ್ನು ಹಿಂದಿನ ದಿನವಷ್ಟೇ ಅವಳೇ ತೆಗೆಸಿದ್ದಳು.

ತಂಡದವರಿಗೆ ಫೋನು ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂದಳು. ಗಂಡನಿಗೆ ಒಬ್ಬೊಬ್ಬರ ಫೋನಿನಿಂದ ಕರೆ ಮಾಡಿ, ತನ್ನದು ಕಾರಂಜಿಗೆ ಬಿದ್ದು ಕೆಟ್ಟುಹೋಯಿತು ಎಂದಳು. ಅಲ್ಲಿಂದ ಮುಂದೆ ಅವಳು ಯುರೋಪಿನಲ್ಲಿ ಕಂಡದ್ದು ಕೈಗಳನ್ನು ಮಾತ್ರ. ಫ್ಲಾರೆನ್ಸಿನಲ್ಲಿ ಎಲ್ಲರೂ ಚಿತ್ರಗಳನ್ನು ನೋಡುವಾಗ ಅವಳು ನೋಡುವವರ ಕೈಗಳನ್ನು ನೋಡಿದಳು. ಸ್ವಿಟ್ಜರ್ಲೆಂಡಿನಲ್ಲಿ ಹಿಮಕ್ಕಿಂತ ಹೆಚ್ಚಾಗಿ ಕೈಗವಸುಗಳನ್ನು ಕಂಡಳು. ಪ್ಯಾರಿಸ್‌ನಲ್ಲಿ ಐಫೆಲ್ ಗೋಪುರಕ್ಕೆ ಬೆನ್ನು ಹಾಕಿಕೊಂಡೇ ನಿಂತಿದ್ದಳು. ಗೋಪುರವನ್ನು ಯಾರೂ ಕದಿಯುವುದಿಲ್ಲ, ಜನರ ಕಡೆಗೆ ಮುಖ ಮಾಡಿ ನಿಲ್ಲುವುದು ಕ್ಷೇಮ.

ಈಗ ಅಡುಗೆಮನೆಯಲ್ಲಿ ಸದ್ದು ಮಾಡಿದ್ದು ಅವಳ ಹಳೆಯ ಫೋನು. ಡ್ರಾಯರಿನಿಂದ ತೆಗೆದು ಮತ್ತೆ ಬಳಕೆಗೆ ಹಚ್ಚಿದ್ದಳು. ಹೊಸ ಫೋಟೋಗಳು ಬಂದು ಸೇರಿವೆ ಎಂದು ಅದು ಹೇಳುತ್ತಿತ್ತು. ತೆರೆದಳು. ಒದ್ದೆಯಾದ ಕಲ್ಲುಹಾಸಿನ ಓಣಿ, ಅದರ ಮೇಲೆ ಬೆಳಗಿನ ಬಿಸಿಲು. ಕಿಟಕಿಯಲ್ಲಿ ಬೆಕ್ಕು. ಪತ್ರಿಕೆ ಮುಖದ ಮೇಲೆ ಹಾಕಿಕೊಂಡು ಬೆಂಚಿನ ಮೇಲೆ ಮಲಗಿದ ಮುದುಕ. ಸೇತುವೆಯ ಕೆಳಗೆ ದೀಪ ಹಚ್ಚಿಕೊಂಡು ಹೋಗುವ ದೋಣಿ. ಇದೆಲ್ಲ ಅಲ್ಲಿತ್ತೇ? ತಾನು ಇದ್ದಾಗಲೂ ಇತ್ತೇ?

ಮುಂದಿನ ಫೋಟೋದಲ್ಲಿ ಗುಂಗುರು ಕೂದಲಿನ ಹುಡುಗ ನಗುತ್ತ ನಿಂತಿದ್ದ.

ಹೇಗೆ ಬಂತೋ ತಿಳಿಯಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಕೇಳುವುದೂ ಒಂದೇ, ಹೇಳುವುದೂ ಒಂದೇ. ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟು, ಮುಚ್ಚಳ ಮೂರು ಸಲ ಒತ್ತಿ ಮಲಗಿದಳು.

ಭಾನುವಾರ ಬೆಳಗ್ಗೆ ಮಧ್ವರಾಜ ಹುರುಪಿನಲ್ಲಿದ್ದ.

“ಅನಸೂಯಾ, ಸಂಜೆ ನಾಲ್ಕು ಜನ ಬರ್ತಾರೆ, ಕಾಫಿ ಡಿಕಾಕ್ಷನ್ ಜಾಸ್ತಿ ಹಾಕು. ನಿನ್ನ ಯುರೋಪ್ ಫೋಟೋ ನೋಡೋಕೆ.”

“ಯಾವ ಫೋಟೋ ರೀ? ಫೋನು ನೀರಲ್ಲಿ ಹೋಯ್ತಲ್ಲ.”

“ಫೋನ್ ಹೋದ್ರೆ ಏನಂತೆ, ಅದರಲ್ಲಿ ತೆಗೆದ ಫೋಟೋ ಎಲ್ಲಾ ಮೇಲೆ, ಕ್ಲೌಡಲ್ಲಿ ಇರ್ತಾವಂತೆ. ಶ್ರೀಕಾಂತ್ ಹೇಳಿದ್ರು. ಟೀವೀಲೇ ಬರೋ ಹಾಗೆ ಮಾಡಿಕೊಡ್ತಾರಂತೆ.”

ಮೇಲಿನ ಮಹಡಿಯ ಶ್ರೀಕಾಂತ್ ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರ್ ಆಗಿದ್ದವರು. ನಿವೃತ್ತಿಯ ನಂತರ ರೈಲು ಸಿಗದೆ ಪರರ ಮನೆಯ ಯಂತ್ರಗಳಿಗೆ ಹಸಿರು ಬಾವುಟ ತೋರಿಸುತ್ತಿದ್ದರು. ಅವರು ಕೈಯಿಟ್ಟ ಮಿಕ್ಸಿ ಕೂಡ ಹೊರಟರೆ ನಿಲ್ಲುತ್ತಿರಲಿಲ್ಲ.

ಅನಸೂಯ ತಲೆನೋವು ಎಂದಳು. ಅಮೃತಾಂಜನ ಬಂತು. ಟೀವಿ ಸರಿಯಿಲ್ಲ ಎಂದಳು. ಶ್ರೀಕಾಂತ್ ಮಧ್ಯಾಹ್ನವೇ ಬಂದು ಸರಿ ಮಾಡಿ, ಅವಳ ಹೆಸರು ಒತ್ತಿ, ಪಾಸ್‌ವರ್ಡ್ ಕೇಳಿದರು. ಮರೆತುಹೋಗಿದೆ ಎಂದಳು. “ನೀವು ಮರೆಯೋದಾ ಮಾಮಿ?” ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂದಾದರೂ ಬೇಕಾದೀತು ಎಂದು ಅವಳೇ ಹಿಂದೊಮ್ಮೆ ಅದನ್ನು ಗಂಡನಿಗೆ ಬಾಯಿಪಾಠ ಮಾಡಿಸಿದ್ದಳು. ಜನ್ಮದಲ್ಲಿ ಒಂದನ್ನೂ ನೆನಪಿಟ್ಟುಕೊಳ್ಳದ ಮಧ್ವರಾಜ ಅದೊಂದನ್ನು ಮಗ್ಗಿಯಂತೆ ಒಪ್ಪಿಸಿಬಿಟ್ಟ.

ಇನ್ನು ಉಳಿದದ್ದು ಕರೆಂಟು. ಅತಿಥಿಗಳು ಬರುವ ಹೊತ್ತಿಗೆ ಅನಸೂಯ ಕಸದ ಚೀಲ ಹಿಡಿದು ಕೆಳಗಿಳಿದು, ಮೀಟರು ಪೆಟ್ಟಿಗೆ ತೆರೆದು, ತಮ್ಮ ಮನೆಯದು ಎಂದು ತೋರಿದ ಸ್ವಿಚ್ಚನ್ನು ಕೆಳಗೆ ಎಳೆದಳು. ಮೇಲೆಲ್ಲೋ ಲಿಫ್ಟು ಗಕ್ಕನೆ ನಿಂತಿತು. ಅದರೊಳಗಿಂದ ಕೆಳಗಿನ ಮಹಡಿಯ ಜಯಲಕ್ಷ್ಮಿಯ ಧ್ವನಿ ಇಡೀ ಕಟ್ಟಡಕ್ಕೆ ಕೇಳಿಸಿತು.

“ಅಯ್ಯಯ್ಯೋ! ಯಾರಾದ್ರೂ ಬನ್ನೀಂಗೋ! ಕೈಯಲ್ಲಿ ಕೇಸರಿಬಾತ್ ಸುಡ್ತಿದೆ!”

ವಾಚ್‌ಮನ್ ಓಡಿ ಬಂದ. ಮೀಟರು ಪೆಟ್ಟಿಗೆಯ ಮುಂದೆ ಭದ್ರತೆಯ ಅಮ್ಮನೇ ನಿಂತಿರುವುದನ್ನು ಕಂಡು, “ಎನ್ನಮ್ಮಾ, ಚೆಕ್ಕಿಂಗಾ?” ಎಂದು ಸಲಾಮು ಹೊಡೆದು, ಸ್ವಿಚ್ಚು ಮೇಲೆತ್ತಿದ. ಲಿಫ್ಟಿನಿಂದ ಹೊರಬಿದ್ದ ಜಯಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು. “ನೀವು ಬಂದು ಕಾಪಾಡಿದ್ರಿ ಮಾಮಿ. ನಿಮ್ಮಂಥೋರು ಇರೋದರಿಂದ ನಾವು ಉಸಿರಾಡ್ತಿದೀವಿ.”

ಹೀಗೆ ಅವಳ ಕೀರ್ತಿ ಒಂದು ಮೆಟ್ಟಿಲು ಮೇಲೇರಿತು. ಬೀಳುವುದಿದ್ದರೆ ಇನ್ನು ಸ್ವಲ್ಪ ಮೇಲಿಂದ ಬೀಳಬೇಕು.

ಹಾಲಿನಲ್ಲಿ ಜಯಲಕ್ಷ್ಮಿ, ಅವಳ ಪಕ್ಕದ ಮನೆಯ ವೃಂದಾ, ಶ್ರೀಕಾಂತ್, ಎಲ್ಲರೂ ಕೇಸರಿಬಾತಿನ ತಟ್ಟೆ ಹಿಡಿದು ಕೂತರು. ಟೀವಿಯ ತುಂಬ ಅನಸೂಯ ಬಂದಳು. ರೋಮಿನ ಬಿಸಿಲಿನಲ್ಲಿ ನಿಂತು, ಕ್ಯಾಮೆರಾ ಹಿಡಿದವರನ್ನು ನೋಡಿ ನಗುತ್ತಿದ್ದಳು. ಹಿಂದಿದ್ದ ಫಲಕವನ್ನು ಅವಳ ಮೈಯೇ ಮರೆಮಾಡಿತ್ತು.

“ಅಬ್ಬಾ!” ಎಂದಳು ವೃಂದಾ. “ಮಾಮಿ, ನೀವು ನಕ್ಕಿದ್ದು ನಾನು ಇದೇ ಮೊದಲು ನೋಡ್ತಿರೋದು.”

 ಮಧ್ವರಾಜನೂ ಅದನ್ನೇ ನೋಡುತ್ತಿದ್ದ.

ಆಮೇಲೆ ಓಣಿ ಬಂತು, ಬೆಕ್ಕು ಬಂತು, ದೋಣಿ ಬಂತು. “ಎಷ್ಟು ರಸಿಕತನ ರೀ ನಿಮಗೆ!” ಎಂದು ಶ್ರೀಕಾಂತ್ ತಲೆದೂಗಿದರು. ಆಮೇಲೆ ಗುಂಗುರು ಕೂದಲು ಬಂತು.

“ಇದು ಯಾರು?”

“ಗೈಡು” ಎಂದಳು ಅನಸೂಯ.

ಗೈಡು ಸೇತುವೆಯ ಮೇಲೆ ನಿಂತಿದ್ದ. ಗೈಡು ವೈನಿನ ಲೋಟ ಎತ್ತಿ ಕಣ್ಣು ಮಿಟುಕಿಸಿದ. ಗೈಡು ಸಮುದ್ರದ ದಂಡೆಯಲ್ಲಿ ಚಡ್ಡಿಯೊಂದರಲ್ಲಿ ಮಲಗಿದ್ದ. ಆಮೇಲೆ ಗೈಡು, ಯಾವುದೋ ಹೋಟೆಲಿನ ಹಾಸಿಗೆಯ ಮೇಲೆ, ದಿಂಬನ್ನು ತಬ್ಬಿಕೊಂಡು, ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದ.

ಕೇಸರಿಬಾತಿನ ಚಮಚಗಳೆಲ್ಲ ಒಟ್ಟಿಗೆ ನಿಂತವು.

“ಗೈಡು ಬಹಳ ಫ್ರೆಂಡ್ಲಿ” ಎಂದಳು ಜಯಲಕ್ಷ್ಮಿ ಮೆಲ್ಲಗೆ.

ಶ್ರೀಕಾಂತ್ ಕನ್ನಡಕ ಏರಿಸಿ ಟೀವಿಯ ಮೂಲೆಯ ಅಕ್ಷರ ಓದಿದರು. “ವಿಯೆನ್ನಾ. ನಿಮ್ಮ ಟೂರಿನಲ್ಲಿ ವಿಯೆನ್ನಾ ಇರಲಿಲ್ಲವಲ್ಲ ಮಾಮಿ? ತಾರೀಖು ಹೋದ ತಿಂಗಳ ಹದಿನೆಂಟು. ಆಗ ನೀವು ಯುರೋಪಿನಲ್ಲೇ ಇದ್ದಿರಿ, ಸರಿ. ಆದರೆ ಫೋನು ರೋಮಿನಲ್ಲೇ ನೀರಿಗೆ ಬಿದ್ದಿತ್ತು ಅಂತ ಇವರು ಹೇಳಿದರಲ್ಲ?”

“ದಿನಾ ಬೇರೆ ಬೇರೆ ನಂಬರಿಂದ ಫೋನ್ ಮಾಡ್ತಿದ್ದಳು” ಎಂದ ಮಧ್ವರಾಜ, ಯಾರಿಗೂ ಅಲ್ಲದ ಹಾಗೆ.

 ಅನಸೂಯ ಈಗ ಎರಡು ಹೆಸರುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. ಹುಷಾರಿ ಎಂಬ ಹೆಸರು, ಅಥವಾ ಮರ್ಯಾದಸ್ಥೆ ಎಂಬ ಹೆಸರು. ಜೀವನವಿಡೀ ಕಟ್ಟಿದ್ದು ಮೊದಲನೆಯದನ್ನು. ಎರಡನೆಯದು ಇದೆಯೆಂದು ಕೂಡ ಅವಳಿಗೆ ಈವರೆಗೆ ನೆನಪಿರಲಿಲ್ಲ, ಅದನ್ನು ಯಾರೂ ಮುಟ್ಟಲು ಬಂದಿರಲಿಲ್ಲ. ಕಣ್ಣು ಮುಚ್ಚಿಕೊಂಡು ಮೊದಲನೆಯದನ್ನು ಬಿಟ್ಟುಕೊಟ್ಟಳು.

“ಅವನು ಗೈಡಲ್ಲ. ಕಳ್ಳ. ನನ್ನ ಫೋನು ಕಳ್ಳತನ ಆಯ್ತು. ಫೋಟೋ ತೆಗೀತೀನಿ ಅಂದ. ನಾನೇ ನನ್ನ ಕೈಯಾರೆ ಕೊಟ್ಟೆ.”

 ಮರುಗಳಿಗೆ ಜಯಲಕ್ಷ್ಮಿ ಫಕ್ಕನೆ ನಕ್ಕಳು.

“ಸುಮ್ನಿರಿ ಮಾಮಿ! ಕಳ್ಳತನವಂತೆ, ಅದೂ ನಿಮ್ಮ ಹತ್ತಿರ! ಗ್ಯಾಸಿನವನಿಗೆ ಬಾಗಿಲು ತೆಗೆಯೋಕೆ ಮೂರು ಪ್ರಶ್ನೆ ಕೇಳೋರು ನೀವು.”

“ನಿಜ ಜಯಾ. ದೇವರಾಣೆ.”

“ಗುರುತಿಲ್ಲದವನ ಕೈಗೆ ನೀವು ಫೋನ್ ಕೊಟ್ರಾ?” ಎಂದರು ಶ್ರೀಕಾಂತ್. “ಮಾಮಿ, ನನ್ನ ಕೈಗೇ ನೀವು ಸ್ಕ್ರೂಡ್ರೈವರ್ ಕೊಡೋಲ್ಲ. ಸಿಗ್ನಲ್ಲು ಒಂದು ಸಲ ತಪ್ಪಬಹುದು, ಒಪ್ಪಿದೆ. ನೀವು ತಪ್ಪೋಲ್ಲ.”

“ಟೂರಿನಲ್ಲಿದ್ದೋರನ್ನ ಕೇಳಿದ್ರಾಯ್ತು” ಎಂದಳು ವೃಂದಾ, ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ.

ಅವರಿಗೆ ಅವಳು ಹೇಳಿದ್ದು ಫೋನು ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂದು. ಅನಸೂಯ ಗಂಡನ ಕಡೆಗೆ ತಿರುಗಿದಳು. “ನೀವಾದ್ರೂ ನಂಬ್ರೀ.”

ಮಧ್ವರಾಜ ಟೀವಿಯ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿದ. “ನಂಬೋಣ ಅಂತಲೇ ನೋಡ್ತಿದೀನಿ” ಎಂದ. “ಆದ್ರೆ ಅನಸೂಯಾ, ನಿನ್ನ ಕೈಯಿಂದ ಒಂದು ವಸ್ತು ಕಳೆದುಹೋಗತ್ತೆ ಅಂತ ನಂಬೋದಕ್ಕಿಂತ ಇದನ್ನ ನಂಬೋದೇ ಸುಲಭವಾಗಿದೆ.” ಸುಳ್ಳು ಹೇಳುತ್ತಿರುವವನ ಧ್ವನಿಯಲ್ಲ ಅದು. ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಅತಿಥಿಗಳು ಪಿಸುಗುಟ್ಟುತ್ತ ಎದ್ದರು. ಬಾಗಿಲ ಬಳಿ ವೃಂದಾ ಹಿಂದುಳಿದು ಅನಸೂಯಳ ಕಿವಿಯ ಹತ್ತಿರ ಬಾಯಿ ತಂದಳು. “ಮಾಮಿ, ತಪ್ಪು ತಿಳ್ಕೋಬೇಡಿ. ಆ ಟೂರ್ ಕಂಪನಿ ನಂಬರ್ ಇದ್ರೆ ಕೊಡಿ. ಸುಮ್ನೆ, ವಿಚಾರಿಸೋಕೆ.”

ರಾತ್ರಿಯಾಗುವುದರೊಳಗೆ ಕಟ್ಟಡ ಅವಳನ್ನು ಕಾಯತೊಡಗಿತು. ಕಸ ಇಡಲು ಇಳಿದರೆ ಮಧ್ವರಾಜ ಮಂಡಿನೋವು ಮರೆತು ಹಿಂದೆಯೇ ಇಳಿದ. ಕೊತ್ತಂಬರಿ ತರಲು ಹೊರಟರೆ ಚೀಲ ತಾನು ಹಿಡಿದ. ವಾಚ್‌ಮನ್ ಸಲಾಮು ಹೊಡೆಯಲಿಲ್ಲ, ಎಲ್ಲಿಗೆ ಅಮ್ಮಾ ಎಂದು ಕೇಳಿದ. ಎದುರುಮನೆಯ ಬಾಗಿಲಿನ ಗಾಜುಗಣ್ಣಿನ ಹಿಂದೆ ನೆರಳು ಸರಿಯಿತು. ಮಲಗುವ ಮುಂಚೆ ಗಂಡನೇ ಬಾಗಿಲ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ನಾಳೆ ಬೆಳಗಾಗುವಾಗ ಅದು ಕಳೆದುಹೋಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೇಳುವ ಅಧಿಕಾರ ಇನ್ನಿರಲಿಲ್ಲ.

ಅಡುಗೆಮನೆ ಒರೆಸುವಾಗ ಅಕ್ಕಿ ಡಬ್ಬಿಯೊಳಗಿಂದ ಹಳೆಯ ಫೋನು ‘ಟಿಣ್’ ಎಂದಿತು, ತೆಗೆದು ನೋಡಿದರೆ ಇನ್ನೊಂದು ಫೋಟೋ ಬಂದು ಬಿದ್ದಿತ್ತು. ತಾರೀಖು ಈ ದಿನದ್ದೇ. ಗುಂಗುರು ಕೂದಲಿರಲಿಲ್ಲ. ಬೂದು ಬಣ್ಣದ ಯಾವುದೋ ಊರಿನ ಬಸ್ ನಿಲ್ದಾಣದಲ್ಲಿ ಬೋಳುತಲೆಯ ದಪ್ಪ ಮನುಷ್ಯನೊಬ್ಬ ಹಲ್ಲು ಕಿರಿದು ತನ್ನ ಫೋಟೋ ತಾನೇ ತೆಗೆದುಕೊಂಡಿದ್ದ. ಹುಡುಗನ ಕೈಯಿಂದಲೂ ಯಾರೋ ಫೋನು ಹಾರಿಸಿದ್ದರು. ಅವನೂ ಯಾರಿಗೋ ನಂಬಿ ಕೊಟ್ಟನೋ ಏನೋ.

ಅನಸೂಯ ಸಿಂಕಿಗೆ ಒರಗಿ ನಿಂತಳು. ಇದೊಂದನ್ನು ತೋರಿಸಿದರೆ ಮುಗಿಯಿತು. ತಾನು ಚೆನ್ನೈಯಲ್ಲಿರುವಾಗ ತನ್ನ ಫೋನು ಅಲ್ಲಿ ಫೋಟೋ ತೆಗೆಯುತ್ತಿದೆ, ಇನ್ನು ಯಾರೂ ನಂಬದೆ ಇರಲು ಸಾಧ್ಯವಿಲ್ಲ. ಮರ್ಯಾದೆ ಮರಳಿ ಬರುತ್ತದೆ. ಅದರ ಜೊತೆಗೆ ಫೋನು ಕೈಯಾರೆ ಕೊಟ್ಟವಳು ಎಂಬ ಹೆಸರೂ ಬರುತ್ತದೆ. ನಾಳೆಯಿಂದ ಗಂಡ ಹಿಂದೆ ಬರುವುದಿಲ್ಲ, ಬಾಗಿಲ ಗಾಜಿನಲ್ಲಿ ಯಾರೂ ಇಣುಕುವುದಿಲ್ಲ.

“ಯಾರದು ಮೆಸೇಜು?” ಹಾಲಿನಿಂದ ಮಧ್ವರಾಜನ ಧ್ವನಿ ಚುರುಕಾಗಿ ಬಂತು. ಮದುವೆಯಾದಾಗಿನಿಂದ ಅವನು ಅವಳನ್ನು ಹಾಗೊಂದು ಪ್ರಶ್ನೆ ಕೇಳಿರಲಿಲ್ಲ.

ಜೀವನವಿಡೀ ಅವಳು ಲಾಕರು ಕಾದಳು, ಗೇಟು ಕಾದಳು, ಗಂಡನ ಕೊಡೆ ಕಾದಳು. ಅವಳನ್ನು ಯಾರೂ ಕಾದಿರಲಿಲ್ಲ. ಕದ್ದೊಯ್ಯುವಂಥದ್ದು ಏನಾದರೂ ಇದೆ ಎಂದು ಯಾರಿಗೂ ತೋರಿರಲಿಲ್ಲ.

“ಯಾರದೂ ಅಲ್ಲ ರೀ” ಎಂದಳು. ಹಾಲಿನಲ್ಲಿ ಕುರ್ಚಿ ಕಿರುಗುಟ್ಟಿತು, ಅವನು ಎದ್ದು ಬರುತ್ತಿದ್ದ. ಅವನು ಬಾಗಿಲಿಗೆ ಬರುವುದರೊಳಗೆ ಬೋಳುತಲೆಯವನನ್ನು ಅಳಿಸಿಬಿಟ್ಟಳು. ಇದನ್ನು ಯಾರಿಗೂ ಹೇಳುವುದಿಲ್ಲ, ಸಾಯುವ ತನಕ ಹೇಳುವುದಿಲ್ಲ ಎಂದುಕೊಂಡು, ಒದ್ದೆ ಬಟ್ಟೆಯಿಂದ ಕಟ್ಟೆಯನ್ನು ಮತ್ತೆ ಒರೆಸತೊಡಗಿದಳು.