ಅತ್ತೆಯ ಕೈಗೆ ಸಿಕ್ಕ ಆಟ

“ಹದ ಅಂದ್ರೆ ಏನೂಂತ ಲೋಕಕ್ಕೇ ತೋರಿಸಿಬಿಡ್ತೀನಿ!” ಎಂದು ಅಳಿಯ ಮೇಜು ಗುದ್ದಿ ಘೋಷಿಸಿದ. ಮೇಜಿನ ಮೇಲಿದ್ದ ಕಾಫಿ ಚೆಲ್ಲಿತು. ಹೆಂಡತಿ ಬಟ್ಟೆ ತಂದು ಒರೆಸಿದಳು.

ಅವನು ಬ್ರೌಸರ್‌ನಲ್ಲಿ ಆಡುವ ಆಟವೊಂದನ್ನು ಕಟ್ಟಿದ್ದ. ಪರದೆಯ ಮೇಲೆ ಬಣ್ಣಬಣ್ಣದ ದಾರಗಳು ಗೋಜಲಾಗಿ ಬಿದ್ದಿರುತ್ತವೆ. ಗಡಿಯಾರದ ಸಮಯ ಮುಗಿಯುವುದರೊಳಗೆ ಸಿಕ್ಕು ಬಿಡಿಸಬೇಕು. ಮಧ್ಯೆ ಯಾರಾದರೂ ಬಾಗಿಲು ಬಡಿದರೆ ಆಡುವವರಿಗೆ ಅನ್ಯಾಯವಾಗಬಾರದಲ್ಲ! ಅದಕ್ಕೆ, ಬೇರೆ ಟ್ಯಾಬ್‌ಗೆ ಹೋದ ಕೂಡಲೇ ಗಡಿಯಾರ ನಿಲ್ಲುವಂತೆ ದೊಡ್ಡ ಮನಸ್ಸು ಮಾಡಿದ್ದ.

ಒಂದು ವೆಬ್‌ಸೈಟಿನ ಯಜಮಾನರು ಅದನ್ನು ಮುಖಪುಟದಲ್ಲಿ ಹಾಕಲು ಒಪ್ಪಿದ್ದರು. “ಸುಲಭ ಆದ್ರೆ ಜನ ಆಕಳಿಸ್ತಾರೆ, ಕಷ್ಟ ಆದ್ರೆ ಓಡಿಹೋಗ್ತಾರೆ. ಹದ ನೋಡಿ ಕೊಡಿ. ಇಲ್ದಿದ್ರೆ ಬೇರೆಯವರ ಆಟ ಹಾಕ್ತೀನಿ.” ಇದ್ದ ಕೆಲಸ ಬಿಟ್ಟು ಮನೆಯಲ್ಲಿ ಕೂತು ಕಟ್ಟಿದ ಮೊದಲ ಆಟ, ಇದು ಕೈತಪ್ಪಿದರೆ ಹೆಂಡತಿಯ ಮುಂದೆ ತಲೆಯೆತ್ತುವಂತಿರಲಿಲ್ಲ.

ಹದ ನೋಡಲು ಸಿಕ್ಕಿದವರು ಅತ್ತೆ. ಅತ್ತೆಗೆ ಬಂದದ್ದು ಯಾರಿಗಾದರೂ ಬರುತ್ತದೆ ಎಂಬುದು ಅವನ ಮಹಾ ಸಿದ್ಧಾಂತ. ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡವರು ಸಂಜೆಗೆ ಹೊರಬಂದರು.

“ಗೆದ್ದೆ ಅಳಿಯಂದ್ರೇ! ಅರ್ಧ ಟೈಮು ಹಾಗೇ ಮಿಕ್ಕಿದೆ.”

ಇಷ್ಟು ಹೊತ್ತು ಅಂದರೆ ನಡುವೆ ಒಂದು ನಿದ್ದೆ ತೆಗೆದಿರಲೇಬೇಕು, ಆದರೂ ಗೆದ್ದರಲ್ಲ ಎಂದು ಅವನಿಗೆ ಉರಿದುಹೋಯಿತು. ಮರುದಿನ ದಾರ ಹೆಚ್ಚಿಸಿದ, ಸಮಯ ಕತ್ತರಿಸಿದ. ಅತ್ತೆ ಗೆದ್ದರು. ಅದರ ಮರುದಿನ ಗಂಟಿನೊಳಗೆ ಗಂಟು ಹಾಕಿದ. ಮತ್ತೂ ಗೆದ್ದರು!

“ರೀ, ನನ್ನ ಹೊಲಿಗೆ ಡಬ್ಬಿಲಿದ್ದ ದಾರ ಎಲ್ಲ ಎಲ್ಲಿ ಹೋಯ್ತು?”

“ಇಲ್ಲಿ ನನ್ನ ಮಾನ ಹೋಗ್ತಿದೆ, ನಿನಗೆ ದಾರದ ಚಿಂತೆ!”

ಆ ಆಟವನ್ನೇ ವೆಬ್‌ಸೈಟಿಗೆ ಕಳಿಸಿದ. ಮರುದಿನ ಯಜಮಾನರ ಫೋನ್ ಬಂತು. “ಏನ್ರೀ ಇದು! ನಮ್ಮ ಆಫೀಸಲ್ಲಿ ಒಬ್ರೂ ಮೊದಲನೇ ಹಂತ ದಾಟಲಿಲ್ಲ!”

“ನಮ್ಮತ್ತೆ ಆರಾಮಾಗಿ ದಾಟ್ತಾರೆ ಸರ್!”

“ಹಾಗಾದ್ರೆ ಅವರೊಬ್ಬರಿಗೇ ಮಾರಿ! ಸಂಜೆವರೆಗೂ ಕಾಯ್ತೀನಿ, ಅಷ್ಟೇ.”

ಅಳಿಯ ದಡಬಡನೆ ಅತ್ತೆಯ ಕೋಣೆಗೆ ನುಗ್ಗಿದ. ಮಂಚದ ತುಂಬ ಹೆಂಡತಿಯ ದಾರಗಳು! ಆಟದಲ್ಲಿದ್ದ ಗೋಜಲೇ ಅಲ್ಲಿ ಎಳೆ ತಪ್ಪದೆ ಹರಡಿಕೊಂಡಿತ್ತು. ಆಟದ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡು, ಅದನ್ನು ನೋಡುತ್ತ ಅತ್ತೆ ನಿಧಾನವಾಗಿ ಸಿಕ್ಕು ಬಿಡಿಸುತ್ತಿದ್ದರು. ಲ್ಯಾಪ್‌ಟಾಪಿನಲ್ಲಿ ಬೇರೆ ಟ್ಯಾಬ್ ತೆರೆದಿತ್ತು. ಗಡಿಯಾರ ಸುಖವಾಗಿ ನಿಂತಿತ್ತು.

“ಅತ್ತೇ, ಇದು ಮೋಸ!”

“ಮೋಸ ಎಲ್ಲಿ ಬಂತು? ಆ ಕಡೆ ಹೋದ್ರೆ ಗಡಿಯಾರ ನಿಲ್ಲುತ್ತೆ ಅಂತ ನೀವೇ ಬರೆದಿದ್ದೀರಲ್ಲ. ಇಲ್ಲಿ ಬಿಡಿಸಿ ನೋಡ್ಕೊಂಡು, ಆಮೇಲೆ ಅಲ್ಲಿ ಹೋಗಿ ಹಾಗೇ ಮಾಡೋದು.”

“ಮೊದಲ ದಿನಾನೂ ಹೀಗೇನಾ? ಆವತ್ತಿನದು ತೀರಾ ಸುಲಭ ಇತ್ತಲ್ಲ!”

“ಸುಲಭಾನಾ? ಇಡೀ ಮಧ್ಯಾಹ್ನ ಹಿಡೀತಪ್ಪಾ! ನಿಮಗೆ ಎಷ್ಟು ಹೊತ್ತಾಯ್ತು?”

ಅಳಿಯ ಕಟ್ಟುವ ಭರದಲ್ಲಿ ತನ್ನ ಆಟವನ್ನು ತಾನೇ ಒಮ್ಮೆಯೂ ಆಡಿ ಮುಗಿಸಿರಲಿಲ್ಲ!

ಆದರೆ ಬಿಡುವ ಆಸಾಮಿಯಲ್ಲ. ಮೊದಲ ದಿನದ ಆಟವನ್ನೇ ತೆರೆದು, ಹದವನ್ನು ಸ್ವಂತ ಕೈಯಿಂದಲೇ ಕಂಡುಹಿಡಿಯುತ್ತೇನೆಂದು ಹಠ ಹಿಡಿದು ಕೂತ. ಸಮಯ ಮುಗಿಯಿತು. ಮತ್ತೆ ಕೂತ. ಮತ್ತೆ ಮುಗಿಯಿತು! ಕೊನೆಗೆ ಅತ್ತೆಗೇ ಕನಿಕರ ಬಂತು.

“ಬನ್ನಿ, ಮಂಚದ ಮೇಲೆ ಜಾಗ ಇದೆ. ಕೆಂಪು ದಾರ ನೀವು ಹಿಡ್ಕೊಳ್ಳಿ.”

ಸಂಜೆ ಯಜಮಾನರ ಫೋನ್ ಮತ್ತೆ ಬಂತು. ಅವನ ಎರಡೂ ಕೈ ದಾರದಲ್ಲಿ ಸಿಕ್ಕಿಕೊಂಡಿದ್ದರಿಂದ ಹೆಂಡತಿಯೇ ಎತ್ತಿಕೊಂಡಳು.

“ಯಾರು, ಆಟ ಮಾಡಿದವರಾ? ಇಲ್ಲೇ ಇದ್ದಾರೆ ಸರ್. ಮೊದಲನೇ ಹಂತ ನಮ್ಮಮ್ಮ ಹೇಳಿಕೊಡ್ತಿದ್ದಾರೆ.”